ಸೋದರತ್ತಿಯ ಉಸಿರು

ಇವತ್ತೊಂದು ದಿನ ಕೆಮ್ಮಬಾರದು. ಕಂಬದಿಂದ ಬೇವಿನ ಗಿಡಕ್ಕೆ ಹಗ್ಗ ಬಿಗಿಯುವಾಗಲೂ ಲಗಮವ್ವನ ತಲೆಯಲ್ಲಿ ಇದೊಂದೇ ಇತ್ತು. ಒಂದು ದಿನ ಯಾಕೆ, ಒಂದು ತಾಸು ಸಾಕು. ತಾಸಾದರೂ ಯಾಕೆ, ತಮ್ಮನ ಕೂಸಿನ ಕಿವಿಗೆ ಬಾಯಿ ಹಚ್ಚಿ ಕುರ್ರ್ ಅಂದು, ಹೆಸರು ಹೇಳಿ, ಬೆನ್ನ ಮೇಲೆ ನಾಕು ಗುದ್ದು ಬೀಳುವ ತನಕ ಈ ಸುಡುಗಾಡು ಎದೆ ಸುಮ್ಮನಿದ್ದರೆ ಸಾಕು. ಆಮೇಲೆ ಬೇಕಾದರೆ ಬೆಳಗಾಗುವ ತನಕ ಕೆಮ್ಮಲಿ, ಯಾರು ಬೇಡ ಅಂದಾರು? ಆದರೆ ಕೆಮ್ಮು ಏನು ಹೇಳಿ ಕೇಳಿ ಬರುವ ಬೀಗನೇ? ಮಾರಲು ತಂದ ಕೂಸಿನ ಬಟ್ಟೆಗಳ ಗಂಟು ಬಿಚ್ಚಿ ಮೊದಲನೆಯ ಕುಂಚಗಿ ಝಾಡಿಸಿದ್ದೇ ತಡ, ನಿನ್ನೆಯ ಧೂಳೆಲ್ಲ ಎದ್ದು ಮೂಗಿಗೆ ಬಂತು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಗಂಟಲಿಗೆ ಬಂದದ್ದನ್ನು ಹಾಗೆಯೇ ನುಂಗಿದಳು. ಗೆದ್ದೆ ಅನ್ನಿಸಿತು. ತಲೆ ಮುಚ್ಚಿ ಬೆನ್ನ ತನಕ ಇಳಿಯುವ ಆ ಸಣ್ಣ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ನೋಡಿದರೆ ಮಡಿಕೆಯ ಗುಂಟ ಕರಿಗೆರೆ ಹಾಗೇ ಇತ್ತು. ಕೈಯಿಂದ ತಿಕ್ಕಿದಳು. ಗೆರೆ ಇನ್ನಷ್ಟು ಅಗಲವಾಯಿತು.

ನಿಪ್ಪಾಣಿಯಲ್ಲಿ ಚಿಕ್ಕೋಡಿ ರೋಡು ತಿರುಗುವ ಕಡೆ ಒಂದು ಸಣ್ಣ ಏರು ಇದೆ. ನಡೆಯುವವರಿಗೆ ಅದು ಏರು ಅಂತ ತಿಳಿಯುವುದೂ ಇಲ್ಲ. ಆದರೆ ಎರಡೆರಡು ಟ್ರೇಲರಿನ ತುಂಬ ಕಬ್ಬು ಹೇರಿಕೊಂಡು ಬರುವ ಟ್ರ್ಯಾಕ್ಟರಿಗೆ, ನಾಲ್ಕೂ ಕಡೆ ಜನ ಜೋತುಬಿದ್ದ ಬಸ್ಸಿಗೆ, ಟೆಂಪೋಕ್ಕೆ ಅದು ಗೊತ್ತು. ಅಲ್ಲಿ ಬಂದು ಗೇರು ಬದಲಿಸುತ್ತವೆ, ಗುರ್ರ್ ಎಂದು ಒಂದು ಸಲ ಮೈ ಕೊಡವುತ್ತವೆ, ಹೊಟ್ಟೆಯಲ್ಲಿದ್ದ ಕರಿಹೊಗೆಯನ್ನೆಲ್ಲ ಅಲ್ಲೇ ಕಾರಿ ಮುಂದೆ ಹೋಗುತ್ತವೆ. ನಿಂತವರಿಗೆ ಆ ಹೊಗೆ ಸೊಂಟಕ್ಕೆ ಬಡಿಯುತ್ತದೆ, ಕುಂತವರಿಗೆ ನೇರ ಮೋರೆಗೆ. ಲಗಮವ್ವ ಇಷ್ಟು ವರ್ಷ ಕುಂತೇ ಇದ್ದಾಳೆ. ಗಾಡಿಗಳು ನಿಧಾನ ಆಗುವ ಜಾಗದಲ್ಲೇ ಗಿರಾಕಿಯ ಕಣ್ಣಿಗೆ ಬಟ್ಟೆ ಬೀಳುವುದು, ಅದಕ್ಕೇ ಈ ಜಾಗವನ್ನು ಜಗಳಾಡಿ ಹಿಡಿದವಳೂ ಅವಳೇ. ಆಗ ಎಷ್ಟು ಹೆಮ್ಮೆ ಪಟ್ಟಿದ್ದಳು. ಮೂಲಿ ಜಾಗ ನಂದು, ಯಾವ ಮಗನೂ ಎಬ್ಬಸಾಕ ಆಗೂದಿಲ್ಲ ಅಂತ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಥೂ.

"ಏನ ಲಗಮವ್ವಾ, ಬೆನ್ನಿಗೆ ಎಣ್ಣಿ ಹಚ್ಚಿಗೊಂಡ ಬಂದಿಯೋ ಇಲ್ಲೋ?" ಪಕ್ಕದಲ್ಲಿ ಪ್ಯಾರಲಹಣ್ಣಿನ ಗಾಡಿ ಹಚ್ಚುವ ವಿಠೋಬಾ ಕಾಕಾ ಹಣ್ಣಿಗೆ ನೀರು ಚಿಮುಕಿಸುತ್ತ ನಕ್ಕ. "ಬೋರಗಾಂವದ ಹೆಂಗಸರ ಕೈ ಅಂದ್ರ ಏನ ತಿಳದೀ? ಮಗ್ಗದ ಮನಿ ಕೈ ಅವು. ಹಡ್ಡಿ ಪುಡಿಪುಡಿ ಮಾಡತಾರ ನೋಡ ಇವತ್ತ!"

"ಮಾಡ್ಲಿ ಬಿಡೋ ಕಾಕಾ. ಅದಕ್ಕಽ ಹೊಂಟೀನಿ."

ನಗುತ್ತ ಹೇಳಿದ್ದಳು, ಆದರೆ ಖರೆ ಮಾತದು. ತಮ್ಮ ಮಾಳಸಿದ್ದನಿಗೆ ಹೆಸರಿಟ್ಟ ದಿನ ಅವಳು ಪರಕರ ತೊಟ್ಟು ತೊಟ್ಟಿಲ ಕಾಲು ಹಿಡಿದುಕೊಂಡು ನಿಂತಿದ್ದಳು. ಅಪ್ಪನ ತಂಗಿ ಬಗ್ಗಿ ಕೂಸಿನ ಕಿವಿಗೆ ಕುರ್ರ್ ಅಂದದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅತ್ತಿಯ ಬೆನ್ನಿಗೆ ದಬದಬ ಗುದ್ದಿದರು. ಅತ್ತಿ ಅಯ್ಯಯ್ಯೋ ಸತ್ನೆವ್ವಾ ಅಂತ ಕೂಗುತ್ತ, ನಗುತ್ತ, ಕುಂಕುಮವೆಲ್ಲ ಮೂಗಿಗೆ ಇಳಿದು, ಎಷ್ಟು ಚೆಂದ ಕಂಡಿದ್ದಳು. ಗುದ್ದು ಬಿದ್ದಷ್ಟೂ ಕೂಸಿನ ಆಯುಷ್ಯ ಗಟ್ಟಿ ಅಂತ ಅವ್ವ ಹೇಳಿದಳು. ನನಗ್ಯಾವಾಗ ಗುದ್ದತಾರ ಅಂತ ಕೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ನಿನ್ನ ತಮ್ಮಗ ಮಕ್ಕಳಾಗ್ಲಿ, ತಡಿ. ಎಷ್ಟು ತಡೆದಳು. ಅವ್ವ ಹೋದಳು, ಗಂಡ ಇಚಲಕರಂಜಿಯಲ್ಲಿ ಇನ್ನೊಬ್ಬಳ ಮನೆ ಸೇರಿದ, ತನ್ನ ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲ. ತಮ್ಮನಿಗೆ ಮದುವೆಯಾಗಿ ಏಳೆಂಟು ವರ್ಷಕ್ಕೆ ಈ ಗಂಡು ಹುಟ್ಟಿದೆ. ಸುರಜ. ಹೆಸರು ತಮ್ಮನ ಹೆಂಡತಿ ರಾಜೇಶ್ವರಿ ಆರಿಸಿದ್ದು; ಬಾಣಂತನ ಅವಳ ತವರು ಬೋರಗಾಂವದಲ್ಲಿ. ಯಾರು ಆರಿಸಿದರೇನು, ಮೊದಲ ಸಲ ಕಿವಿಗೆ ಹಾಕುವ ಬಾಯಿ ತನ್ನದು. ಗಾಡಿಗಳ ಗದ್ದಲದಲ್ಲಿ ಯಾರಿಗೂ ಕೇಳದು ಅನ್ನುವ ಧೈರ್ಯದಿಂದ ಲಗಮವ್ವ ಬಾಯಿಯೊಳಗೇ ಕುರ್ರ್ ಅಂದು ನೋಡಿದಳು. ರ್ ರ್ ರ್ ಅಂತ ಎಳೆಯುವಾಗಲೇ ಉಸಿರು ಹರಿದ ಚೀಲದ ಹಾಗೆ ಎಲ್ಲೋ ಸೋರಿಹೋಯಿತು. ಸು ಅಂದಳು, ರಜ ಉಳಿಯಿತು. ಚೂರು ಬೆಲ್ಲ ನಾಲಿಗೆಯ ಕೆಳಗಿಟ್ಟು ಮತ್ತೆ ನೋಡಿದಳು.

ಟಿಬಿ ಅಲ್ಲ ಅಂತ ಡಾಕ್ಟರ ಹೇಳಿದ್ದಾನಲ್ಲ. ಸಣ್ಣ ಹುಡುಗನಂಥ ಡಾಕ್ಟರ. ಎರಡು ಸಲ ಕಫ ತಪಾಸಣೆ ಮಾಡಿಸಿ ನೋಡಿದ. ಇದು ಯಾರಿಗೂ ಹತ್ತೂದಲ್ಲವ್ವಾ, ಅಂಜಬ್ಯಾಡ್ರಿ. ಬೀಡಿ ಸೇದತೀರೇನು? ಇಲ್ರಿ. ತಂಬಾಕಿನ ವಖಾರಿಯೊಳಗ ಕೆಲಸಾ? ಇಲ್ರಿ. ಒಲಿ ಊದತೀರೇನು? ಗ್ಯಾಸ ಐತ್ರಿ. ಮತ್ತ ಎಲ್ಲಿ ಕುಂದರತೀರಿ ದಿನಾ? ಜಾಗ ಹೇಳಿದ್ದಕ್ಕೆ ಅವನು ಪೆನ್ನು ಕೆಳಗಿಟ್ಟ. ಅಲ್ಲಿಂದ ಎದ್ದ ಬಿಡ್ರಿ, ಗಾಡಿ ಹೊಗಿ ನಿಮ್ಮ ಫುಪ್ಪುಸದಾಗ ಮನಿ ಮಾಡೇತಿ. ಎದ್ದ ಎಲ್ಲಿ ಕುಂದ್ರಲ್ರಿ ಸಾಹೇಬರ? ಪಾಪ, ಅವನು ಎದೆಗೆ ಎಳೆದುಕೊಳ್ಳುವ ಒಂದು ಪಂಪು ಬರೆದುಕೊಟ್ಟು ಮುಂದಿನವರನ್ನು ಕರೆದ. ಆ ಪಂಪಿನಲ್ಲಿ ಇನ್ನು ಸ್ವಲ್ಪ ಉಳಿದಿದೆ. ಇವತ್ತಿಗೆ ಅಂತಲೇ ಎರಡು ದಿನದಿಂದ ಮುಟ್ಟಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಏನೋ ಚಳಚಳ ಅಂದಿತು. ಕುಪ್ಪಸದೊಳಗೆ ಇಟ್ಟುಕೊಂಡಳು.

"ಮಾವಶಿ, ಇದ ಮಾಸೇತೇನ್ರಿ?" ಎಳೆಯ ಹೆಂಗಸೊಬ್ಬಳು ಕೂಸಿನ ಬಿಳಿ ಅಂಗಿ, ಜಬಲಾ, ಹಿಡಿದು ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಇವತ್ತೋ ನಾಳೆಯೋ ಅನ್ನುವ ಹಾಗೆ.

"ಏ ಇಲ್ಲವ್ವಾ, ನೆಳ್ಳ ಬಿದ್ದೈತಿ. ಹೊಸಾ ಮಾಲ ಐತಿ."

ಮೊದಲೆಲ್ಲ ಹೇಳುತ್ತಿದ್ದಳು, ಬಿಸಿನೀರಿನಲ್ಲಿ ತೊಳೆದು ಹಾಕಿರಿ, ರೋಡಿನ ಧೂಳು ಕುಂತಿರತೈತಿ. ಹಾಗೆ ಅಂದ ಕೂಡಲೇ ಬಟ್ಟೆಯನ್ನು ಮೂಸಿ ನೋಡಿ, ಹಗ್ಗಕ್ಕೆ ಒಗೆದು ಹೋದವರೇ ಹೆಚ್ಚು. ಖರೆ ಹೇಳಿ ಕೆಟ್ಟಳು ಅನ್ನಿಸಿಕೊಂಡು ಬಾಯಿ ಮುಚ್ಚಿದಳು. ಈ ಊರಲ್ಲಿ, ಸುತ್ತ ಹಳ್ಳಿಗಳಲ್ಲಿ, ಎಷ್ಟು ಕೂಸುಗಳು ಹುಟ್ಟಿದ ಕೂಡಲೇ ಈ ಹಗ್ಗದ ಬಟ್ಟೆಯನ್ನು ಮೂಗಿಗೆ ಹಚ್ಚಿಕೊಂಡು ಮಲಗಿಲ್ಲ? ತನ್ನ ಎದೆಯೊಳಗೆ ಇರುವುದೇ ಅವುಗಳ ನೆತ್ತಿಯ ಮೇಲೂ ಇದೆ. ಬಸುರಿ ದುಡ್ಡು ಕೊಟ್ಟು ಜಬಲಾವನ್ನು ಹೊಟ್ಟೆಗೆ ಆನಿಸಿಕೊಂಡು ಹೋದಳು. ತೊಳದ ಹಾಕವ್ವಾ ಅನ್ನುವ ಮಾತು ಲಗಮವ್ವನ ಬಾಯಿಯ ತನಕ ಬಂತು. ಅಷ್ಟರಲ್ಲಿ ಟ್ರ್ಯಾಕ್ಟರೊಂದು ಏರು ಹತ್ತಿತು, ಅವಳು ಸೆರಗು ಮೂಗಿಗೆ ಹಿಡಿದಳು, ಮಾತು ಸೆರಗಿನೊಳಗೇ ಉಳಿಯಿತು. ತಮ್ಮನ ಕೂಸಿಗೆ ಅಂತ ಎತ್ತಿಟ್ಟ ಹಸಿರು ಸಾಟಿನ್ನಿನ ಕುಂಚಗಿಯನ್ನು ಮಾತ್ರ ನೀರು ಬದಲಿಸಿ ಬದಲಿಸಿ ತೊಳೆದಿದ್ದಾಳೆ, ಕಡೆಗೆ ತೊಳೆದ ನೀರು ತಿಳಿಯಾಗುವ ತನಕ. ಜನರ ಕೂಸು ಬೇರೆ, ನಮ್ಮ ಕೂಸು ಬೇರೆ! ಆ ದೇವರು ನೋಡುತ್ತಿರಲಾರನೇ?

ಮಾಳಸಿದ್ದ ಮೋಟಾರ್ ಸೈಕಲ್ ನಿಲ್ಲಿಸಿದಾಗ ಬಿಸಿಲು ಏರಿತ್ತು. ಹೊಸ ಅಂಗಿ ಹಾಕಿದ್ದ. ಇಳಿಯಲಿಲ್ಲ, ಗಾಡಿ ಬಂದ್ ಮಾಡಲೂ ಇಲ್ಲ. ಹ್ಯಾಂಡಲ್ಲಿನ ಮೇಲೆ ಬೆರಳಾಡಿಸುತ್ತ ಹಗ್ಗದ ಬಟ್ಟೆ ನೋಡಿದ.

"ಅಕ್ಕಾ, ಮಯೂರಿ ಬಂದಾಳ ಕಾಗವಾಡದಿಂದ."

ಮಯೂರಿ ಚಿಕ್ಕಪ್ಪನ ಮಗಳು. ಕೂಸಿಗೆ ಅವಳೂ ಸೋದರತ್ತಿಯೇ ಆಗಬೇಕು.

"ಬರ್ಲಿ. ಛಲೋನ ಆತು."

"ಅದಽ... ನಿಂದೂ ಧಂದೆ ಜೋರ ಐತಿ, ಇವತ್ತ ಬ್ಯಾರೆ ಸಂತಿ. ನೀ ಅವಸರ ಮಾಡಬ್ಯಾಡ. ಸಂಜಿಗಿ ಬಂದರೂ ನಡೀತೈತಿ. ಊಟಾ ಇಟ್ಟಿರತಾರ."

ಲಗಮವ್ವನಿಗೆ ತಿಳಿಯಲು ತಡವಾಗಲಿಲ್ಲ. ಹೆಸರಿಡುವುದು ಮಧ್ಯಾಹ್ನ. ಸಂಜೆಗೆ ಬಂದು ಉಳಿದ ಗುಗ್ಗರಿ ತಿಂದು ಹೋಗು ಅನ್ನುವುದಕ್ಕೆ ಇಷ್ಟು ದೂರ ಬಂದಿದ್ದಾನೆ. ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ. ಕಣ್ಣಲ್ಲಿ ಕಣ್ಣಿಟ್ಟು ಹೇಳುವುದೂ ಅವನಿಂದ ಆಗುತ್ತಿಲ್ಲ.

"ಡಾಕ್ಟರ ಹೇಳ್ಯಾನಲ್ಲೋ ಮಾಳ್ಯಾ, ಇದು ಹತ್ತೂ ಜಡ್ಡಲ್ಲ ಅಂತ."

"ನನಗ್ಗೊತ್ತೈತಿ ಬೇ ಅಕ್ಕಾ. ರಾಜೇಶ್ವರಿ ಅವ್ವಗ ಯಾರ ಹೇಳಬೇಕು? ಹಸಿಗೂಸು, ಹಸಿಗೂಸು ಅಂತ ಬೆಳಗಿಂದ ಒಂದಽ ಸವನ ನಡಿಸ್ಯಾಳ."

"ನೀ ಏನಂದಿ?"

ಅವನು ಹೊಸ ಅಂಗಿಯ ಕಾಲರು ಸರಿಮಾಡಿಕೊಂಡ. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯಿತು. ಲಗಮವ್ವನ ಎದೆಯಲ್ಲಿ ಕೆಮ್ಮು ಎದ್ದು ನಿಂತಿತ್ತು. ಈಗ ಕೆಮ್ಮಿದರೆ ಮುಗಿಯಿತು ಅಂತ ಹಲ್ಲು ಕಚ್ಚಿ ತಡೆದಳು, ಮೋರೆ ಕೆಂಪಾಯಿತು. ಅವನು ಅದನ್ನು ಸಿಟ್ಟು ಅಂದುಕೊಂಡ. ಆ ಸಿಟ್ಟಿಗೆ ಹೆದರಿಯೇ ಇರಬೇಕು, "ಹತ್ತ ಅಕ್ಕಾ, ನಿಂದಽ ಹಕ್ಕ ಅದು, ಯಾರಪ್ಪಂದೇನೈತಿ!" ಅಂದುಬಿಟ್ಟ. ಅಂದದ್ದಕ್ಕೆ ತಾನೇ ಗಾಬರಿಯಾದ ಹಾಗೆ ಕಂಡ. ಆದರೂ ಲಗಮವ್ವ ಹತ್ತಿದಳು. ಹಗ್ಗ ನೋಡ್ಕೋ ಕಾಕಾ ಅಂತ ಕೂಗಿದಳು. ಮರ್ಯಾದೆ ಇದ್ದವಳು ಹತ್ತುತ್ತಿರಲಿಲ್ಲ ಅಂತ ಬೋರಗಾಂವ ಮುಟ್ಟುವ ತನಕ ಅನ್ನಿಸುತ್ತಲೇ ಇತ್ತು. ಮುಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಇವರು. ದಾಟಿ ಹೋಗಲು ಜಾಗವಿಲ್ಲ. ತಮ್ಮನ ಬೆನ್ನಿಗೆ ಮೋರೆ ಹುದುಗಿಸಿ ಕುಂತಳು. ಹೊಸ ಅಂಗಿಯ ವಾಸನೆ ಬರಲಿಲ್ಲ. ಅವಳಿಗೆ ಯಾವುದರ ವಾಸನೆಯೂ ಬರುವುದು ನಿಂತು ಬಹಳ ದಿನವಾಗಿತ್ತು.

"ಬರ್ರಿ ಬೀಗತಿ, ಬರ್ರಿ," ಅಂದಳು ರಾಜೇಶ್ವರಿಯ ತಾಯಿ ಬಾಳವ್ವ. ಮಾತು ಬೆಲ್ಲ. ಕಣ್ಣು ಮಾತ್ರ ಅಳಿಯನ ಮೋರೆಯ ಮೇಲೆ, ಯಾಕ ಕರಕೊಂಡ ಬಂದಿ ಅನ್ನುವ ಹಾಗೆ. ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಲಗಮವ್ವನಿಗೆ ಕಾಗದದ ಕಪ್ಪಿನಲ್ಲಿ. ಲೋಟ ಕಡಿಮೆ ಬಿದ್ದಿರಬೇಕು ಅಂದುಕೊಂಡಳು. ಪಡಸಾಲೆಯ ಗೂಡಿನಲ್ಲಿ ಒಂದು ಸಾಲು ಲೋಟ ಬೋರಲು ಹಾಕಿದ್ದರು. ಅವನ್ನು ನೋಡಬಾರದು ಅಂತ ಕಪ್ಪಿನೊಳಗೆ ನೋಡಿದಳು. ಗೋಡೆಯ ಆಚೆ ಮಗ್ಗಗಳು ಖಟಖಟ ಅನ್ನುತ್ತಿದ್ದವು. ಪಂಪನ್ನು ಈಗ ಎಳೆದುಕೊಳ್ಳಬೇಕು; ಎಳೆದುಕೊಂಡರೆ ಸ್ವಲ್ಪ ಹೊತ್ತು ಎದೆ ಹಗುರಾಗಿರುತ್ತದೆ. ಕುಪ್ಪಸಕ್ಕೆ ಕೈ ಹಾಕಿದಳು. ಎದುರಿಗೆ ಕುಂತ ಹೆಂಗಸರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಇವರ ಮುಂದೆ ತೆಗೆದು ಬಾಯಿಗೆ ಇಟ್ಟುಕೊಂಡರೆ ಮುಗಿಯಿತು ಕಥೆ, ನೋಡ್ರೆವ್ವಾ, ದೊಡ್ಡ ಜಡ್ಡಽ ಐತಿ ಅಂತ ಊರೆಲ್ಲ ಡಂಗುರ. ಬಚ್ಚಲಿಗಾದರೂ ಹೋಗಬಹುದಿತ್ತು. ಆದರೆ ಎದ್ದು ಹೋದರೆ, ಹಿಂತಿರುಗಿ ಬರುವಷ್ಟರಲ್ಲಿ ಮಯೂರಿಯನ್ನು ತೊಟ್ಟಿಲ ಮುಂದೆ ನಿಲ್ಲಿಸಿಬಿಟ್ಟಿದ್ದರೆ? ಕೈ ಹೊರಗೆ ತೆಗೆದಳು, ಬರಿಗೈ. ಕುತ್ತಿಗೆಯ ಬೆವರು ಒರೆಸಿಕೊಂಡಳು.

ಚೀಲದಿಂದ ಹಸಿರು ಕುಂಚಗಿ ತೆಗೆದು ಕೊಟ್ಟಳು. ಬಾಳವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು, "ಚೆಂದ ಐತ್ರಿ" ಅಂದಳು. ತೊಟ್ಟಿಲಿಗೆ ಕೂಸಿಗಿಂತ ಮೊದಲು ಗುಂಡಕಲ್ಲು ಹಾಕುವುದು ರೀತಿ. ಆ ಕಲ್ಲಿಗೂ ಬಟ್ಟೆ ತೊಡಿಸಿ, ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ಬಾಳವ್ವ ಹಸಿರು ಕುಂಚಗಿಯನ್ನು ಗುಂಡಕಲ್ಲಿಗೆ ತೊಡಿಸಿದಳು. ಕೂಸು ಬಂದಾಗ ಅದರ ತಲೆಯ ಮೇಲೆ ಅಂಗಡಿಯ ಗಾಜಿನ ಕಪಾಟಿನೊಳಗಿನ ನಸುಗೆಂಪು ಟೊಪ್ಪಿಗೆ ಇತ್ತು. ಹೆಂಗಸರು ತೊಟ್ಟಿಲ ಹಾಡು ಎತ್ತಿದರು. ಕುಂಚಗಿ ತೊಟ್ಟ ಕಲ್ಲು ಲಗಮವ್ವನ ಕೈಗೂ ಬಂತು, ತಣ್ಣಗೆ, ಭಾರವಾಗಿ. ತಾನು ತೊಳೆದ ಬಟ್ಟೆಯನ್ನು ಒಂದು ಸಲ ಸವರಿ ಮುಂದೆ ದಾಟಿಸಿದಳು. ಇರಲಿ. ಬಟ್ಟೆಯದೇನು, ಹೆಸರು ಮುಖ್ಯ.

"ಹೂಂ, ಸೋದರತ್ತಿ ಬರ್ರಿ," ಯಾರೋ ಅಂದರು. ಮಯೂರಿ ಅರ್ಧ ಎದ್ದಳು. ಬಾಗಿಲಲ್ಲಿ ನಿಂತಿದ್ದ ಮಾಳಸಿದ್ದ ನೆಲ ನೋಡುತ್ತ, "ಅಕ್ಕ ಅದಾಳಲ್ಲಾ," ಅಂದ. ಅಷ್ಟು ಅಂದದ್ದೇ ಅವನ ಇಡೀ ಜನ್ಮದ ಗಂಡಸುತನ. ಲಗಮವ್ವ ಎದ್ದಳು. ಅವಳು ಎದ್ದದ್ದಕ್ಕೆ ಹೆಂಗಸರ ಸುತ್ತು ಅಗಲವಾಯಿತು, ನೀರಿಗೆ ಕಲ್ಲು ಬಿದ್ದಂತೆ. ದಾರಿ ಬಿಟ್ಟರು ಅಂದುಕೊಂಡಳು. ತೊಟ್ಟಿಲ ಅಂಚು ಹಿಡಿದು, ಇದ್ದ ಉಸಿರನ್ನೆಲ್ಲ ಒಳಗೆ ಎಳೆದುಕೊಂಡು ಬಗ್ಗಿದಳು. ಎಂಥಾ ಕಿವಿ ಅದು, ಹುರಿದ ಕಡಲೆಯಷ್ಟು. ಕುರ್ರ್ ಅಂದಳು. ಎದೆ ತಡೆದುಕೊಂಡಿತು. ಮತ್ತೊಂದು ಸಲ ಕುರ್ರ್. ಸುರಜ. ಪೂರಾ ಬಂತು ಹೆಸರು, ಒಂದಕ್ಷರ ಒಡೆಯದೆ, ಇಷ್ಟು ದಿನ ರೋಡಿನ ಬದಿ ಬಾಯಿಪಾಠ ಮಾಡಿದ್ದಕ್ಕಿಂತ ಚೆಂದವಾಗಿ ಬಂತು. ಕೂಸು ತುಟಿ ಅಲ್ಲಾಡಿಸಿತು. ಅಯ್ಯೋ ನನ್ನಪ್ಪಾ, ಅಂತ ಲಗಮವ್ವನ ಕರುಳು ಕರಗಿ ಹೋಯಿತು.

ಈಗ ಗುದ್ದು ಬೀಳಬೇಕು. ಬೆನ್ನು ಬಗ್ಗಿಸಿಕೊಂಡು ಕಾದಳು. ಗುದ್ದು ಬಿದ್ದ ಮೇಲೆ ಅಯ್ಯಯ್ಯೋ ಸತ್ನೆವ್ವಾ ಅಂತ ಏಳುವುದು ರೀತಿ. ಬೀಳದೆ ಎದ್ದರೆ ಕೂಸಿನ ಆಯುಷ್ಯಕ್ಕೆ ಕೇಡು. ಉಸಿರು ಬಿಗಿಹಿಡಿದು ಕಾದಳು. ಹಾಡು ನಿಂತಿತ್ತು. ಗೋಡೆಯ ಆಚೆಯ ಮಗ್ಗದ ಸದ್ದು ಮಾತ್ರ. ಒಂದು ಕೈಯೂ ಬರಲಿಲ್ಲ. ಹೊಡೀರಿ ಬೇ, ಹೊಡೀರೆವ್ವಾ, ಒಂದಽ ಒಂದು, ಅಂತ ಒಳಗೇ ಬೇಡಿಕೊಂಡಳು. ತಲೆ ಓರೆ ಮಾಡಿ ನೋಡಿದರೆ ಹಸಿರು ಬಳೆಗಳ ಕೈಗಳೆಲ್ಲ ಸೆರಗಿನೊಳಗೆ ಇದ್ದವು. ಮುಟ್ಟಲು ಅಂಜುತ್ತಾರೆ. ತನ್ನ ಬೆನ್ನನ್ನು ಮುಟ್ಟಲು ಅಂಜುತ್ತಾರೆ! ಅದು ತಿಳಿದ ಗಳಿಗೆಗೆ ಹಿಡಿದಿಟ್ಟ ಉಸಿರು ಕೈಬಿಟ್ಟಿತು. ತಿರುಗಿಕೊಳ್ಳಲೂ ಪುರಸೊತ್ತು ಕೊಡಲಿಲ್ಲ. ಬೆಳಗಿನಿಂದ ನುಂಗಿದ್ದೆಲ್ಲ, ಏರಿನ ಮೇಲಿನ ಟ್ರ್ಯಾಕ್ಟರು, ಬಸ್ಸು, ಟೆಂಪೋ ಎಲ್ಲ ಒಟ್ಟಿಗೆ ಬಂದವು. ಆ ಹುರಿಗಡಲೆಯಂಥ ಕಿವಿಯ ಮೇಲೆ, ನಸುಗೆಂಪು ಟೊಪ್ಪಿಗೆಯ ಮೇಲೆ ಲಗಮವ್ವ ಕೆಮ್ಮಿದಳು. ಕೆಮ್ಮುತ್ತಲೇ ಇದ್ದಳು. ಕೂಸು ಬೆಚ್ಚಿಬಿದ್ದು ಚೀರಿತು. ಟೊಪ್ಪಿಗೆಯ ಮೇಲೆ ಬೂದಿಬಣ್ಣದ ಒಂದು ಹನಿ ಕುಂತಿತ್ತು.

"ನನ್ನ ಕೂಸ! ಸರೀರಿ, ಸರೀರಿ ಅತ್ತಾಗ!" ರಾಜೇಶ್ವರಿ ಬಾಣಂತಿ ಅನ್ನುವುದನ್ನೂ ಮರೆತು ಓಡಿ ಬಂದು ಎತ್ತಿಕೊಂಡಳು. ತಾಯಿಯಾದವಳು ಇನ್ನೇನು ಮಾಡಿಯಾಳು, ಅವಳ ತಪ್ಪೇನಿದೆ? ಟೊಪ್ಪಿಗೆ ಕಿತ್ತೆಸೆದರು, ಬಿಸಿನೀರು ತಂದರು, ಯಾರೋ ಕೊಬ್ಬರಿಎಣ್ಣೆ ಅಂದರು, ಯಾರೋ ದೃಷ್ಟಿ ತೆಗೀರಿ ಅಂದರು. ಮಾಳಸಿದ್ದ ಬಾಗಿಲಲ್ಲಿ ಇರಲಿಲ್ಲ. ಲಗಮವ್ವ ಗೋಡೆ ಹಿಡಿದು ಅಂಗಳಕ್ಕೆ ಬಂದು, ತುಳಸಿಕಟ್ಟೆಯ ಮಗ್ಗುಲಲ್ಲಿ ಕುಂತು ಪಂಪು ತೆಗೆದಳು. ಎಳೆದುಕೊಂಡಳು. ಚಳಚಳ ಅನ್ನುತ್ತಿದ್ದದ್ದು ಏನೋ, ಬರೀ ಗಾಳಿ ಬಂತು. ಒಳಗೆ ಕೂಸಿನ ಅಳು ನಿಂತಿತು. ಮತ್ತೆ ಹಾಡು ಎದ್ದಿತು. ಕುರ್ರ್ ಅಂತ ಎಳೆಯ ದನಿಯೊಂದು, ಮಯೂರಿಯದು, ಎಷ್ಟು ಉದ್ದಕ್ಕೆ ಎಳೆದಳು, ಹುಡುಗಿಗೆ ಎಷ್ಟು ಉಸಿರಿದೆ. ಆಮೇಲೆ ದಬ ದಬ ದಬ ಅಂತ ಗುದ್ದುಗಳು, ಹೋ ಅನ್ನುವ ನಗು, ಅಯ್ಯಯ್ಯೋ ಸತ್ನೆವ್ವಾ. ಗುದ್ದು ಎಣಿಸಲಿಲ್ಲ ಅವಳು. ಆದರೆ ಒಂದೊಂದು ಬಿದ್ದಾಗಲೂ ಅವಳ ಬೆನ್ನು ತಾನೇ ಒಮ್ಮೆ ಕುಗ್ಗಿತು. ಕೂಸಿನ ಆಯುಷ್ಯ ಗಟ್ಟಿಯಾಯಿತು, ಸಾಕು ಅಂದುಕೊಳ್ಳಲು ನೋಡಿದಳು. ಆಗಲಿಲ್ಲ. ಹೊಟ್ಟೆಕಿಚ್ಚೇ ಆಯಿತು. ಮೆಟ್ಟು ಹಾಕಿಕೊಂಡು ಬಸ್ಸಿಗೆ ನಡೆದಳು. ಓಣಿಯ ಮೂಲೆಯಲ್ಲಿ ಮಾಳಸಿದ್ದ ಮೋಟಾರ್ ಸೈಕಲ್ಲಿನ ಮಗ್ಗುಲು ನಿಂತಿದ್ದ. ಅವಳು ಬರುವುದು ಕಂಡು ಬಗ್ಗಿ, ಏನೂ ಆಗಿರದ ಚೈನನ್ನು ನೋಡತೊಡಗಿದ. ಅವನು ತಲೆ ಎತ್ತುವ ಕಷ್ಟ ಬೇಡ ಅಂತ ಅವಳು ಬೇಗ ಬೇಗ ದಾಟಿದಳು.

ನಿಪ್ಪಾಣಿಯ ತಿರುವಿನಲ್ಲಿ ಸಂತೆ ಮುಗಿಯುವ ಹೊತ್ತು, ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಗ್ಗದ ಬಟ್ಟೆಗಳೆಲ್ಲ ಒಂದೇ ಬಣ್ಣಕ್ಕೆ ಬಂದಿದ್ದವು. ವಿಠೋಬಾ ಕಾಕಾ ದೂರದಿಂದಲೇ ಕೈ ಎತ್ತಿದ.

"ಎರಡ ಕುಂಚಗಿ ಮಾರೀನಿ ನೋಡ. ಧಂದೆ ನನಗೂ ಬರತೈತಿ!"

"ತೊಳದ ಹಾಕ್ರಿ ಅಂತ ಹೇಳಿದ್ಯೋ ಇಲ್ಲೋ ಕಾಕಾ?"

"ಹಂಗಂದ್ರ ಯಾರ ತಗೋತಾರ?"

ಅವಳು ಗೋಣಿಚೀಲದ ಮೇಲೆ, ಅದೇ ಜಾಗದಲ್ಲಿ ಕುಂತಳು. ಇನ್ನೆಲ್ಲಿ ಕುಂದ್ರಬೇಕು? ಕಾಕಾ ಸಣ್ಣ ಪ್ಯಾರಲಹಣ್ಣೊಂದನ್ನು ಒರೆಸಿ ಅವಳ ಕೈಗೆ ಕೊಟ್ಟ, ಕೂಸಿನ ಖುಷಿಗೆ ಅಂತ. ಅವಳ ಮೋರೆ ನೋಡಿ, ಕಣ್ಣು ಕೆಂಪಾದದ್ದು ನೋಡಿ, ತನಗೆ ತಿಳಿದ ಒಂದೇ ಕಾರಣ ಹಿಡಿದು ನಕ್ಕ.

"ಭಾಳ ಗುದ್ದಿದ್ರ ಕಾಣಸ್ತೈತಿ, ಹೌದಿಲ್ಲೋ?"

ಟ್ರ್ಯಾಕ್ಟರೊಂದು ಏರಿಗೆ ಬಂದು ಗೇರು ಬದಲಿಸಿತು. ಲಗಮವ್ವ ಸೆರಗು ಎತ್ತಲಿಲ್ಲ.

"ಹೂಂ ಕಾಕಾ," ಅಂದಳು. "ಭಾಳ ಗುದ್ದಿದ್ರು. ಎಲ್ಲಾರೂ ಗುದ್ದಿದ್ರು."